ಬಟಾಣಿ ಕಾಳಿನ ಬಿಸಿ

ಮಾರ್ಚ್ ೩

ಬೀಕರಣ್ಣನವರಿಗೆ,

ಲ್ಯಾಬಿನಲ್ಲಿ ಬೀಕರು ತೊಳೆಯುತ್ತಿದ್ದ ನಿಮಗೆ ಮಕ್ಕಳಿಟ್ಟ ಹೆಸರಿನಿಂದಲೇ ಶುರು ಮಾಡುತ್ತಿದ್ದೇನೆ, ಬೇಸರ ಬೇಡ. ನನಗೂ ಒಂದು ಇಟ್ಟಿದ್ದರಲ್ಲ, ಸುಣ್ಣದ ತಿಳಿ. 'ಸ್ವಲ್ಪ ಉಸಿರು ಬಿಟ್ಟರೆ ಸಾಕು, ಟೀಚರ್ ಬೆಳ್ಳಗಾಗ್ತಾರೆ' ಅಂತ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಿರಿ ನೀವೆಲ್ಲ.

ನಿವೃತ್ತಿಯಾಗಿ ಎರಡು ವರ್ಷವಾಯಿತು. ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿದ್ದೇನೆ. ಅಕ್ಕ ದಿನಕ್ಕೆ ಮೂರು ಸಲ ಮೆಟ್ಟಿಲ ಕೆಳಗೆ ನಿಂತು 'ಬದುಕಿದ್ದೀಯೇನೇ?' ಎಂದು ಕೂಗುತ್ತಾಳೆ. ಅದೇ ನನ್ನ ಗಂಟೆ.

ವಿಷಯಕ್ಕೆ ಬರುತ್ತೇನೆ. ಶಾಲೆಗಳಿಗಾಗಿ ಪ್ರಯೋಗಗಳ ಒಂದು ಕೈಪಿಡಿ ಬರೆಯಲು ಕೇಳಿದ್ದಾರೆ. ಉಸಿರಾಟದ ಅಧ್ಯಾಯ ನನ್ನದು. ನಮ್ಮ ಬಟಾಣಿ ಪ್ರಯೋಗ ಹಾಕುತ್ತಿದ್ದೇನೆ. ಎರಡು ಥರ್ಮಾಸ್ ಫ್ಲಾಸ್ಕು, ಒಂದರಲ್ಲಿ ಮೊಳಕೆ ಬಂದ ಕಾಳು, ಇನ್ನೊಂದರಲ್ಲಿ ಬೇಯಿಸಿದ ಕಾಳು, ಹತ್ತಿಯ ಬಿರಡೆಯಲ್ಲಿ ತೂರಿಸಿದ ಥರ್ಮಾಮೀಟರು. ಇವತ್ತು ಹಾಕಿ ನಾಳೆ ಊಟದ ಬಿಡುವಿನ ನಂತರ ರೀಡಿಂಗ್. ನೀಲಿ ರಿಜಿಸ್ಟರ್ ನನ್ನ ಹತ್ತಿರವೇ ಇದೆ, ಇಪ್ಪತ್ತೇಳು ವರ್ಷದ ರೀಡಿಂಗ್ ಒಂದೂ ತಪ್ಪದೆ. ಮೊದಲ ವರ್ಷ ಬರೀ ಅರ್ಧ ಡಿಗ್ರಿ ಬಂದು ಮಾನ ಹೋಗಿತ್ತು, ನೆನಪಿದೆಯಾ? ಆಮೇಲಿಂದ ಹೆಚ್ಚಾಗಿ ಐದು, ಐದೂವರೆ, ಆರು. ಹದಿನಾಲ್ಕನೇ ವರ್ಷ ಮಾತ್ರ ಒಂಬತ್ತು! ಪಕ್ಕದಲ್ಲಿ ನಾನೇ 'ಈ ವರ್ಷದ ಕಾಳು ವಿಶೇಷ ಆರೋಗ್ಯವಾಗಿವೆ' ಎಂದು ಬರೆದಿದ್ದೇನೆ. ಆ ವರ್ಷ ಯಾವ ಅಂಗಡಿಯಿಂದ ತಂದಿದ್ದಿರಿ? ಎಷ್ಟು ಹೊತ್ತು ನೆನೆಹಾಕಿದ್ದಿರಿ? ನೆನಪಿದ್ದಷ್ಟು ಬರೆಯಿರಿ.

ನಿಮ್ಮ ಮನೆಯವರಿಗೆ ನಾನು ಕೇಳಿದೆ ಎಂದು ಹೇಳಿ. ಅವರು ತರುತ್ತಿದ್ದ ಊಟದ ಡಬ್ಬಿಯ ಮುಚ್ಚಳದ ಸದ್ದು ಈಗಲೂ ಕಿವಿಯಲ್ಲಿದೆ.

ನಿಮ್ಮ ಹಳೆಯ ಟೀಚರ್


ಮಾರ್ಚ್ ೧೯

ಟೀಚರ್ ಅವರಿಗೆ ನಮಸ್ಕಾರ.

ಪತ್ರ ತಲುಪಿತು. ನಿಮ್ಮ ಅಕ್ಷರ ನೋಡಿ ಬೋರ್ಡಿನ ಮುಂದೆ ನಿಂತ ಹಾಗಾಯಿತು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಸಹಿಸಿಕೊಳ್ಳಿ. ಓದಿದ್ದು ಏಳನೇ ತರಗತಿ. ದಿನಚರಿ ಬರೆಯುವ ಅಭ್ಯಾಸ ಇರುವುದರಿಂದ ಇಷ್ಟಾದರೂ ಕೈ ಓಡುತ್ತದೆ.

ಸುಣ್ಣದ ತಿಳಿ ಎಂಬ ಹೆಸರು ಇಟ್ಟಿದ್ದು ಮಕ್ಕಳಲ್ಲ, ನಾನು. ಈಗ ಹೇಳಿದರೆ ಕೆಲಸದಿಂದ ತೆಗೆಯಲು ಆಗುವುದಿಲ್ಲವಲ್ಲ.

ಲ್ಯಾಬು ಚೆನ್ನಾಗಿ ನೆನಪಿದೆ. ಕಿಟಕಿಯ ಕೆಳಗಿನ ಉದ್ದ ಮೇಜು, ಅದರ ಮೇಲೆ ಆಸಿಡ್ ಬಿದ್ದ ಕಲೆ, ಸಿಂಕಿನ ನಲ್ಲಿ ಎಷ್ಟು ತಿರುಗಿಸಿದರೂ ತೊಟ್ಟಿಕ್ಕುತ್ತಿದ್ದದ್ದು. ನೀವು ಬೋರ್ಡಿನಲ್ಲಿ ಬಾಣ ಎಳೆದು, 'ಒಳಗೆ ಹೋಗೋದು ಎರಡು, ಹೊರಗೆ ಬರೋದು ಮೂರು. ಸಕ್ಕರೆ, ಆಮ್ಲಜನಕ ಹೋಗುತ್ತೆ. ಇಂಗಾಲದ ಡೈ ಆಕ್ಸೈಡು, ನೀರು, ಶಕ್ತಿ ಬರುತ್ತೆ. ಮೂರನೇದು ಕಣ್ಣಿಗೆ ಕಾಣಲ್ಲ, ಥರ್ಮಾಮೀಟರಿಗೆ ಕಾಣುತ್ತೆ' ಎನ್ನುತ್ತಿದ್ದಿರಿ. ನಾನು ಹಿಂದೆ ಪರೀಕ್ಷಾನಳಿಕೆ ತೊಳೆಯುತ್ತ ಕೇಳುತ್ತಿದ್ದೆ. ಇಪ್ಪತ್ತೇಳು ಸಲ ಒಂದೇ ತರಗತಿಯಲ್ಲಿ ಕೂತವನು ನಾನೊಬ್ಬನೇ ಇರಬೇಕು.

ಕಾಳಿನ ಅಂಗಡಿ ನೆನಪಿಲ್ಲ. ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಕೈಪಿಡಿಗೆ ಬಟಾಣಿಯ ಪ್ರಯೋಗ ಯಾಕೆ? ಕೊಳವೆಯಲ್ಲಿ ಊದಿ ಸುಣ್ಣದ ತಿಳಿಯನ್ನು ಬೆಳ್ಳಗೆ ಮಾಡುವುದನ್ನು ಹಾಕಿ. ಕನ್ನಡಿಯ ಮೇಲೆ ಉಸಿರುಬಿಟ್ಟು ನೀರು ತೋರಿಸುವುದನ್ನು ಹಾಕಿ. ಮಕ್ಕಳಿಗೆ ಅದು ಇಷ್ಟ. ಫ್ಲಾಸ್ಕು ಒಡೆಯುತ್ತದೆ, ಕಾಳು ಕೊಳೆಯುತ್ತದೆ, ತಾಪತ್ರಯ.

ಇಲ್ಲಿ ಬಿಸಿಲು ಜೋರಾಗಿದೆ.

ನಿಮ್ಮ ವಿಧೇಯ,
ಬೀಕರಣ್ಣ


ಏಪ್ರಿಲ್ ೨

ಬೀಕರಣ್ಣ,

ಆ ಹೆಸರು ಇಟ್ಟವರು ನೀವಾ! ಅಕ್ಕನಿಗೆ ಓದಿ ಹೇಳಿದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. 'ಸರಿಯಾಗೇ ಇಟ್ಟಿದ್ದಾರೆ ಬಿಡು' ಅಂದಳು. ನಿಮ್ಮ ಪಕ್ಷ ಸೇರಿದ್ದಾಳೆ.

ಆದರೆ ಬಟಾಣಿ ಬೇಡ ಅನ್ನುತ್ತೀರಲ್ಲ, ಯಾಕೆ? ಸುಣ್ಣದ ತಿಳಿ, ಕನ್ನಡಿ ಎಲ್ಲ ಪುಸ್ತಕದಲ್ಲೂ ಇವೆ. ಒಂದೇ ಲ್ಯಾಬಿನಲ್ಲಿ, ಒಂದೇ ಕಾಳಿನ ಮೇಲೆ, ಒಂದೇ ತಿಂಗಳಲ್ಲಿ ಇಪ್ಪತ್ತೇಳು ವರ್ಷ ಬಿಡದೆ ತೆಗೆದ ರೀಡಿಂಗ್ ಯಾರ ಹತ್ತಿರ ಇದೆ ಹೇಳಿ? ಕೈಪಿಡಿಯವರಿಗೆ ಪಟ್ಟಿಯನ್ನು ತೋರಿಸಿದೆ. 'ಒಂದು ಪೂರ್ತಿ ಪುಟ ಇದಕ್ಕೇ ಇಡೋಣ' ಅಂದರು. ಜೂನ್ ಕೊನೆಗೆ ಅಚ್ಚಿಗೆ ಹೋಗುತ್ತದೆ. ನಾನು ಏನೂ ಕಂಡುಹಿಡಿದವಳಲ್ಲ ಬೀಕರಣ್ಣ. ಪಾಠ ಮಾಡಿದೆ, ಮನೆಗೆ ಬಂದೆ. ನನ್ನದು ಅಂತ ಉಳಿಯುವುದು ಇದೊಂದೇ ಪುಟ.

ಅಕ್ಕ ಪಟ್ಟಿ ನೋಡಿ 'ಬಟಾಣಿಗೂ ಇಷ್ಟು ಜ್ವರ ಬರುತ್ತೇನೇ?' ಅಂದಳು. ಅವಳಿಗೆ ಏನು ಗೊತ್ತು! ಆದರೂ ಒಂಬತ್ತಕ್ಕೆ ಕಾರಣ ಬರೆಯದೆ ಅಚ್ಚು ಹಾಕಿದರೆ ನಾಳೆ ಯಾರಾದರೂ ಕೇಳುತ್ತಾರೆ. ದಿನಚರಿ ಬರೆಯುತ್ತೀರಲ್ಲ, ತೆಗೆದು ನೋಡಿ.

ಇನ್ನೊಂದು. ಮೂರು ಪುಟ ಬರೆದಿದ್ದೀರಿ, ಮನೆಯವರ ಬಗ್ಗೆ ಒಂದಕ್ಷರ ಇಲ್ಲ. ಜಗಳವೇ?

ಉತ್ತರ ಬೇಗ ಬರಲಿ,
ಟೀಚರ್


ಏಪ್ರಿಲ್ ೨೧

ಟೀಚರ್ ಅವರಿಗೆ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ.

ನನ್ನವಳು ಹೋದ ನವೆಂಬರಿನಲ್ಲಿ ತೀರಿಕೊಂಡಳು. ನಿಮಗೆ ತಿಳಿಸಬೇಕಿತ್ತು. ಕಾಗದ ತೆಗೆದುಕೊಂಡು ಕೂರುತ್ತಿದ್ದೆ, 'ನನ್ನವಳು' ಎಂದು ಬರೆದ ಮೇಲೆ ಮುಂದಿನ ಪದ ಬರುತ್ತಿರಲಿಲ್ಲ. ಈಗ ಬರೆಯುತ್ತಿರುವುದು ಅವಳ ಸಾವು ತಿಳಿಸಲು ಮಾತ್ರವಲ್ಲ.

ಟೀಚರ್, ನಿಮ್ಮ ರಿಜಿಸ್ಟರಿನಲ್ಲಿರುವುದು ಬಟಾಣಿಯ ಬಿಸಿ ಅಲ್ಲ. ಅವಳ ಮೈಯ ಬಿಸಿ.

ಮೊದಲ ವರ್ಷ ಅರ್ಧ ಡಿಗ್ರಿ ಬಂದಾಗ ಮಕ್ಕಳು ನಕ್ಕರು. ಒಬ್ಬ 'ಟೀಚರ್, ಕಾಳು ನಿದ್ದೆ ಮಾಡ್ತಿದೆ' ಅಂದ. ಆಮೇಲೆ ನೀವು ಸ್ಟೋರ್ ರೂಮಿನಲ್ಲಿ ಕಪಾಟಿನ ಕಡೆ ಮುಖ ಮಾಡಿ ನಿಂತಿದ್ದಿರಿ. ನಾನು ಬಾಗಿಲ ತನಕ ಬಂದು ಹಿಂದೆ ಹೋದೆ. ಫ್ಲಾಸ್ಕು ಹಾಳಾಗಿತ್ತು, ಒಳಗಿನ ಗಾಜು ಸೀಳು ಬಿಟ್ಟು ಬಿಸಿ ನಿಲ್ಲುತ್ತಿರಲಿಲ್ಲ. ಹೊಸದು ಕೇಳಿದರೆ ಹೆಡ್‌ಮಾಸ್ಟರು 'ಬಟಾಣಿ ಏನು ಚಹಾ ಕುಡಿಯುತ್ತಾ?' ಎಂದು ಕಳಿಸಿದರು. ಮರುವರ್ಷ ಆ ಪಾಠ ಬರುವ ಮುಂಚೆ ನೀವು, 'ಈ ಸಲವೂ ಹೀಗಾದರೆ ನಾನು ಬೇರೆ ಕೆಲಸ ನೋಡ್ಕೋತೀನಿ' ಅಂದಿರಿ. ತಮಾಷೆಗೆ ಅಂದಿರೋ ಏನೋ, ನಾನು ನಿಜ ಅಂದುಕೊಂಡೆ. ಮನೆಗೆ ಹೋಗಿ ಅವಳಿಗೆ ಹೇಳಿದೆ.

'ಪಾಪ ಕಣ್ರೀ' ಅಂದಳು. ಒಂದು ಹಿಡಿ ಬಟಾಣಿಯನ್ನು ಮನೆಯಲ್ಲೇ ನೆನೆಹಾಕಿ, ಮೊಳಕೆ ಬರಿಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಹೊಟ್ಟೆಗೆ ಬಿಗಿದುಕೊಂಡಳು. ಮಧ್ಯಾಹ್ನ ಊಟದ ಡಬ್ಬಿ ತರುವಾಗ ಗಂಟೂ ತಂದಳು. ಬಿಡುವಿನಲ್ಲಿ ಲ್ಯಾಬು ಖಾಲಿ ಇರುತ್ತಿತ್ತಲ್ಲ. ಫ್ಲಾಸ್ಕಿನ ಕಾಳು ತೆಗೆದು ಅವಳ ಕಾಳು ಸುರಿದು ಬಿರಡೆ ಹಾಕಿದೆ. ಗಂಟೆ ಹೊಡೆಯಿತು, ನೀವು ಬಂದಿರಿ, ಐದು ಡಿಗ್ರಿ ಎಂದು ಓದಿದಿರಿ. ನಿಮ್ಮ ಮುಖ ಹೇಗಿತ್ತು ಅಂದರೆ, ನನಗೆ ಪಾಪ ಅನ್ನಿಸಲೇ ಇಲ್ಲ.

ಒಂದು ವರ್ಷ ಮಾಡಿದ್ದು ತಪ್ಪು. ಎರಡನೇ ವರ್ಷ ಅದು ಅಭ್ಯಾಸ. ಆರನೇ ವರ್ಷ ಹೊಸ ಫ್ಲಾಸ್ಕು ಬಂತು. ಆಗಲೇ ನಿಲ್ಲಿಸಬಹುದಿತ್ತು. ಒಮ್ಮೆ ನಾನೊಬ್ಬನೇ ನಿಜವಾದ ಕಾಳು ಹಾಕಿ ನೋಡಿದೆ, ಮೂರರ ಹತ್ತಿರ ಬಂತು. ಆರರ ಕೆಳಗೆ ಮೂರು ಬರೆದರೆ ನೀವು ಯಾಕೆ ಎಂದು ಕೇಳದೆ ಬಿಡುವವರಲ್ಲ.

ಇನ್ನೂ ಒಂದು ಕಾರಣವಿದೆ. ಅವಳಿಗೆ ಅದು ಇಷ್ಟವಾಗಿತ್ತು. ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಗಂಟು ಕೊಟ್ಟು ಮನೆಗೆ ಹೋಗುತ್ತಿದ್ದಳು ಅಂದುಕೊಂಡಿದ್ದೀರಾ? ಇಲ್ಲ. ಕಿಟಕಿಯ ಹೊರಗೆ, ಸೈಕಲ್ ನಿಲ್ಲಿಸುವ ಕಡೆ ನಿಂತಿರುತ್ತಿದ್ದಳು. ನೀವು 'ಆರು!' ಎಂದು ಕೂಗಿದಾಗ, ಮಕ್ಕಳು 'ಓ' ಅಂದಾಗ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೋಗುತ್ತಿದ್ದಳು. ಸಂಜೆ, 'ಇವತ್ತು ಶಾಲೆಯಲ್ಲಿ ನಂದೇ ಪಾಠ' ಎಂದು ಹಂಗಿಸುತ್ತಿದ್ದಳು. 'ನೀವು ತೊಳೆಯೋದು, ಟೀಚರ್ ಹೇಳೋದು, ಮಾಡೋದು ಮಾತ್ರ ನಾನು.'

ಹದಿನಾಲ್ಕನೇ ವರ್ಷ ಅವಳಿಗೆ ಜ್ವರ ಕಾಯುತ್ತಿತ್ತು. ಬೇಡ ಅಂದೆ. 'ಒಂದು ವರ್ಷ ತಪ್ಪಿಸಿದರೆ ಟೀಚರಿಗೆ ಅನುಮಾನ ಬರುತ್ತೆ' ಎಂದು ಕಂಬಳಿ ಹೊದ್ದು ಬಂದಳು. ಒಂಬತ್ತು. ನಿಮ್ಮ ಅಕ್ಕ ಹೇಳಿದ್ದು ಸರಿ. ನೀವು 'ವಿಶೇಷ ಆರೋಗ್ಯ' ಎಂದು ಬರೆಯುತ್ತಿದ್ದಾಗ ನಾನು ಹಿಂದೆ ನಿಂತು ಬೀಕರು ಒರೆಸುತ್ತಿದ್ದೆ. ಮನೆಯಲ್ಲಿ ಹೇಳಿದರೆ ಜ್ವರದಲ್ಲೂ ನಕ್ಕು ಕೆಮ್ಮಿದಳು.

ಆಸ್ಪತ್ರೆಯಲ್ಲಿ ಅವಳಿಗೆ ಆಮ್ಲಜನಕದ ಮಾಸ್ಕು ಹಾಕಿದ್ದರು. ಬಾಟಲಿಯಿಂದ ಸಕ್ಕರೆ ನೀರು ಇಳಿಯುತ್ತಿತ್ತು. ಹೋಗೋದು ಎರಡು, ಎರಡೂ ಹೋಗುತ್ತಿದ್ದವು. ಮಾಸ್ಕಿನ ಒಳಗೆ ಮಂಜು ಕಟ್ಟುತ್ತಿತ್ತು, ಕರಗುತ್ತಿತ್ತು. ಬರುವ ಮೂರರಲ್ಲಿ ಒಂದು ಬರುತ್ತಿದೆ ಎಂದು ಅದನ್ನೇ ನೋಡುತ್ತ ಕೂತಿದ್ದೆ. ಕೈ ಹಿಡಿದುಕೊಂಡರೆ ತಣ್ಣಗಿತ್ತು.

ಕಾಳಿನ ಪ್ರಯೋಗ ಬೇಡ ಎಂದಿದ್ದು ಸಿಕ್ಕಿಬೀಳುತ್ತೇನೆ ಎಂಬ ಭಯಕ್ಕೆ. ನೀವು ಹಟ ಹಿಡಿದಾಗ ಸುಮ್ಮನಿದ್ದುಬಿಡೋಣ ಅನ್ನಿಸಿತು. ಅದು ಭಯಕ್ಕಲ್ಲ. ಅವಳದ್ದು ಅಂತ ನನ್ನ ಹತ್ತಿರ ಎರಡು ಫೋಟೋ ಇವೆ, ಎರಡರಲ್ಲೂ ಕಣ್ಣು ಮುಚ್ಚಿದ್ದಾಳೆ. ಅವಳ ಮೈಯ ಬಿಸಿಯನ್ನು ಅಳೆದು ಬರೆದಿಟ್ಟದ್ದು ಲೋಕದಲ್ಲಿ ನಿಮ್ಮ ರಿಜಿಸ್ಟರಿನಲ್ಲಿ ಮಾತ್ರ. ಅದು ಅಚ್ಚಾಗಿ ನೂರಾರು ಶಾಲೆಗೆ ಹೋಗುತ್ತದಲ್ಲ ಎಂದು ಆಸೆಯಾಯಿತು. ಆದರೆ ಆ ಶಾಲೆಗಳ ಮಕ್ಕಳು ಕಾಳು ಹಾಕುತ್ತಾರೆ, ಆರು ಬರುವುದಿಲ್ಲ. ಯಾವುದೋ ಹೊಸ ಟೀಚರು ಕಪಾಟಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ.

ಪಟ್ಟಿ ತೆಗೆದುಹಾಕಿ. ನನ್ನನ್ನು ಏನು ಬೇಕಾದರೂ ಅನ್ನಿ. ರಿಜಿಸ್ಟರನ್ನು ಮಾತ್ರ ಹರಿಯಬೇಡಿ.

ತಲೆ ತಗ್ಗಿಸಿಕೊಂಡು,
ಬೀಕರಣ್ಣ


ಜೂನ್ ೧೦

ಟೀಚರ್ ಅವರಿಗೆ,

ಏಳು ವಾರವಾಯಿತು. ಅಂಚೆಯವನು ನನ್ನನ್ನು ನೋಡಿದ ಕೂಡಲೇ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ, 'ಇಲ್ಲ' ಅಂತ.

ಉತ್ತರ ಬೇಕು ಎಂದು ಬರೆಯುತ್ತಿಲ್ಲ. ನಿನ್ನೆ ಶಾಲೆಯ ಕಡೆ ಹೋಗಿದ್ದೆ. ಲ್ಯಾಬಿಗೆ ಬಿಳಿ ಟೈಲ್ಸು ಹಾಕಿದ್ದಾರೆ. ನಲ್ಲಿ ತೊಟ್ಟಿಕ್ಕುವುದಿಲ್ಲ. ಹೊಸ ಅಟೆಂಡರು ಹುಡುಗಿ, ಚುರುಕು. 'ಇಲ್ಲಿ ಬಟಾಣಿ ಪ್ರಯೋಗ ಮಾಡ್ತೀರಾ?' ಎಂದು ಕೇಳಿದೆ. 'ಈಗೆಲ್ಲ ವಿಡಿಯೋ ತೋರಿಸ್ತಾರೆ ತಾತ' ಅಂದಳು. ಕಿಟಕಿಯಿಂದ ಸೈಕಲ್ ನಿಲ್ಲಿಸುವ ಜಾಗ ಕಾಣುತ್ತದೆ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಬಂದೆ.

ನಿಮ್ಮ ಪುಟ ಹಾಳು ಮಾಡಿದೆ. ಅದು ಗೊತ್ತಿದೆ.

ಬೀಕರಣ್ಣ


ಜುಲೈ ೮

ಬೀಕರಣ್ಣ,

ಉತ್ತರ ಬರೆಯಲಿಲ್ಲ, ಯಾಕಂದರೆ ಬರೆದಿದ್ದರೆ ಬಯ್ಗುಳವೇ ಆಗುತ್ತಿತ್ತು. ಈಗಲೂ ಸ್ವಲ್ಪ ಇದೆ, ಮೊದಲು ಅದನ್ನು ಮುಗಿಸುತ್ತೇನೆ. ಹೆಚ್ಚುಕಡಿಮೆ ಸಾವಿರ ಮಕ್ಕಳಿಗೆ ನನ್ನ ಬಾಯಿಂದ ಸುಳ್ಳು ಹೇಳಿಸಿದಿರಿ. ಪ್ರತಿ ವರ್ಷ 'ನೋಡಿದ್ದನ್ನೇ ಬರೆಯಿರಿ, ಬೇಕಾದ್ದನ್ನಲ್ಲ' ಎಂದು ಉಪದೇಶ ಮಾಡುತ್ತಿದ್ದೆ, ನೀವು ಹಿಂದೆ ನಿಂತು ಬೀಕರು ಒರೆಸುತ್ತಿದ್ದಿರಿ! ಮೇ ತಿಂಗಳು ಪೂರ್ತಿ ನಿಮ್ಮ ಮೇಲೆ ಉರಿಯುತ್ತಿದ್ದೆ. ಅಕ್ಕನ ಮೇಲೂ ಹರಿಹಾಯ್ದೆ. ಅವಳು, 'ನಿನಗೆ ಕೋಪ ಬಂದಿರೋದು ಸುಳ್ಳಿಗಾ, ಅಥವಾ ಆಗ ನೀನು ಅಳ್ತಿದ್ದದ್ದು ಅವರು ನೋಡಿಬಿಟ್ಟರು ಅಂತಾನಾ?' ಅಂದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ನಿಮ್ಮ ಮನೆಯವರ ವಿಷಯ. ನಾನು 'ಜಗಳವೇ?' ಎಂದು ಕೇಳಿದ್ದೆ. ಆ ಸಾಲನ್ನು ನೆನೆದರೆ ಈಗಲೂ ಪೆನ್ನು ಕೆಳಗಿಡುವ ಹಾಗಾಗುತ್ತದೆ. ಕ್ಷಮಿಸಿ.

ಜೂನ್‌ನಲ್ಲಿ ಎರಡು ಹೊಸ ಫ್ಲಾಸ್ಕು ಕೊಂಡೆ. ಐದು ಸಲ ಮಾಡಿದೆ, ಸರಿಯಾಗಿ. ಎರಡೂವರೆಯಿಂದ ಮೂರೂಕಾಲರ ತನಕ ಬಂತು. ಕೈಪಿಡಿಗೆ ಅದನ್ನೇ ಕೊಟ್ಟಿದ್ದೇನೆ, ಅರ್ಧ ಪುಟ. 'ಫ್ಲಾಸ್ಕು ಹಳೆಯದಿದ್ದರೆ ಅರ್ಧ ಡಿಗ್ರಿಯೂ ಬರಬಹುದು, ಗಾಬರಿ ಬೇಡ' ಎಂದು ಒಂದು ಸಾಲು ಸೇರಿಸಿದ್ದೇನೆ.

ಆರನೇ ಸಲ ನಿಮ್ಮವರ ಹಾಗೆ ಮಾಡಿ ನೋಡಿದೆ. ಒದ್ದೆ ಗಂಟು ಹೊಟ್ಟೆಗೆ ಕಟ್ಟಿಕೊಂಡು ಬೆಳಗಿನಿಂದ ಮನೆಯಲ್ಲಿ ಓಡಾಡಿದೆ. ಅಕ್ಕ ನೋಡಿ, 'ಈ ವಯಸ್ಸಲ್ಲಿ ಬಟಾಣಿ ಬಸುರೇನೇ ನಿನಗೆ?' ಎಂದು ಕುರ್ಚಿಯಲ್ಲಿ ಕುಸಿದು ನಕ್ಕಳು. ತುರಿಕೆ, ಚಳಿ, ನೀರು ಇಳಿಯುವುದು. ಅದನ್ನು ಕಟ್ಟಿಕೊಂಡು ಬಿಸಿಲಿನಲ್ಲಿ ಅಷ್ಟು ದೂರ ನಡೆದು ಬರುತ್ತಿದ್ದರಾ? ನನಗೆ ಬಂದದ್ದು ನಾಲ್ಕೂವರೆ. ಅವರು ನನಗಿಂತ ಬೆಚ್ಚಗಿದ್ದರು.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಆ ಆರು ಡಿಗ್ರಿ ಉಸಿರಾಟದ್ದೇ. ಅವರು ಉಂಡದ್ದು, ಉಸಿರಾಡಿದ್ದು, ಅದರಿಂದ ಬಂದದ್ದು. ಯಾರದ್ದು ಎಂದು ಬರೆಯುವಲ್ಲಿ ತಪ್ಪಾಗಿದೆ. ಹಾಗಂತ ಬಿಡುವಂತಿಲ್ಲ. ಲ್ಯಾಬಿನ ನಿಯಮ ನಿಮಗೆ ಗೊತ್ತು: ತಪ್ಪು ರೀಡಿಂಗ್ ಅಳಿಸಬಾರದು, ಮಸಿ ಬಳಿಯಬಾರದು, ಹಾಳೆ ಹರಿಯಬಾರದು. ಕೆಳಗಿರುವುದು ಓದಲು ಸಿಗುವ ಹಾಗೆ ಒಂದೇ ಒಂದು ಗೆರೆ ಎಳೆಯಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು. ಮೊದಲನೆಯದನ್ನು ಬಿಟ್ಟು ಇಪ್ಪತ್ತಾರಕ್ಕೂ ಕೆಂಪು ಗೆರೆ ಎಳೆದಿದ್ದೇನೆ. ಕಾರಣ ನನಗೆ ಗೊತ್ತಿಲ್ಲ. ಗೊತ್ತಿರುವವರು ನೀವು. ಅದಕ್ಕೇ ರಿಜಿಸ್ಟರ್ ಕಳಿಸುತ್ತಿದ್ದೇನೆ. ಪ್ರತಿ ವರ್ಷದ ಕಾರಣವನ್ನು ಬೇರೆ ಬೇರೆ ಬರೆಯಿರಿ, 'ಮೇಲಿನಂತೆ' ಎಂದು ಬರೆದರೆ ಒಪ್ಪುವುದಿಲ್ಲ. ಜಾಗ ಕಿರಿದು, ಒಂದು ಸಾಲು ಸಾಕು.

ಸುಣ್ಣದ ತಿಳಿ


ಆಗಸ್ಟ್ ೧೭

ಟೀಚರ್ ಅವರಿಗೆ,

ರಿಜಿಸ್ಟರ್ ಬಂತು. ಅಂಚೆಯವನು ಗೇಟಿನಿಂದಲೇ 'ಬಂತು ಬಂತು' ಎಂದು ಕೂಗಿದ. ದಿನಕ್ಕೆ ಒಂದೇ ಸಾಲು ಬರೆದೆ, ಬೇಗ ಮುಗಿಯಬಾರದು ಎಂದು. ಹಳೆಯ ದಿನಚರಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದೆ. ನಿಮ್ಮ ಗೆರೆ ತೆಳ್ಳಗಿದೆ, ಅಂಕಿ ಎಲ್ಲ ಓದಲು ಸಿಗುತ್ತವೆ.

ಎರಡನೇ ವರ್ಷದ್ದಕ್ಕೆ ಬರೆದೆ: 'ಆರಿಹೋಗುತ್ತದೆ ಎಂದು ಓಡಿ ಬಂದಳು. ಚಪ್ಪಲಿ ಕಿತ್ತುಹೋಯಿತು.'

ಐದನೇ ವರ್ಷ, ಆರೂವರೆ. ಆಗ ಮಗಳು ಹೊಟ್ಟೆಯಲ್ಲಿ, ಏಳು ತಿಂಗಳು. ಗಂಟು ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು, ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದಳು. 'ಇಬ್ಬರ ಬಿಸಿ' ಎಂದು ಬರೆದೆ. ಮಗಳು ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರ ಬಂದವಳಿಗೆ ತೋರಿಸಿದೆ. 'ಹುಟ್ಟೋ ಮುಂಚೆನೇ ನನ್ನ ಕೈಲೂ ಮೋಸ ಮಾಡಿಸಿದ್ರಾ ಅಪ್ಪ?' ಎಂದಳು. ಆಮೇಲೆ ಬಹಳ ಹೊತ್ತು ಆ ಪುಟ ಬಿಡಲಿಲ್ಲ.

ಒಂಬತ್ತನೇ ವರ್ಷ ಮೂರೇ ಡಿಗ್ರಿ. ನೀವು ಯಾಕೆ ಎಂದು ಕೇಳಿದ್ದಿರಿ, ಹಳೇ ಕಾಳು ಅಂದಿದ್ದೆ. ಆ ವಾರ ನಾವು ಮಾತು ಬಿಟ್ಟಿದ್ದೆವು. ಕಾರಣ ದಿನಚರಿಯಲ್ಲೂ ಇಲ್ಲ, ಏನೋ ಸಣ್ಣದೇ ಇರಬೇಕು. ಗಂಟು ಬರುವುದಿಲ್ಲ ಅಂದುಕೊಂಡೆ. ಬಂದಿತ್ತು. ನನ್ನ ಕೈಗೆ ಕೊಡದೆ ಕಿಟಕಿಯ ಮೇಲಿಟ್ಟು ಹೋಗಿದ್ದಳು. ನನಗೆ ಕಾಣುವಷ್ಟರಲ್ಲಿ ತಣ್ಣಗಾಗಿತ್ತು. ಹಾಗೇ ಬರೆದೆ.

ಹದಿನಾಲ್ಕರಲ್ಲಿ ನೀವು ಬರೆದ 'ವಿಶೇಷ ಆರೋಗ್ಯ'ಕ್ಕೆ ನೀವೇ ಗೆರೆ ಎಳೆದಿದ್ದೀರಿ. 'ಜ್ವರ. ಕಂಬಳಿ' ಎಂದಷ್ಟೇ ಬರೆದೆ.

ಹೀಗೇ ಒಂದೊಂದು. ಇಪ್ಪತ್ತನಾಲ್ಕರ ತನಕ ಐದೂವರೆಯ ಮೇಲೆ ಕೆಳಗೆ. ಬರೆಯುತ್ತ ಬರೆಯುತ್ತ ನಗು ಬರುತ್ತಿತ್ತು, ಎಷ್ಟೋ ತಿಂಗಳ ಮೇಲೆ.

ಕೊನೆಯ ಮೂರು ಸಾಲಿಗೆ ಬಂದು ನಿಂತೆ. ಐದು. ನಾಲ್ಕೂವರೆ. ನಾಲ್ಕು. ಒಂದರ ಕೆಳಗೊಂದು ಇಷ್ಟು ವರ್ಷ ಹಾಗೇ ಇದ್ದವು, ನೀವು ಓದಿದ್ದಿರಿ, ನಾನು ಕೇಳಿದ್ದೆ. ದಿನಚರಿ ತೆಗೆದು ನೋಡಿದೆ. ನಿಮ್ಮ ಕೊನೆಯ ವರ್ಷದ ಆ ದಿನ ಬರೆದುಕೊಂಡಿದ್ದೇನೆ: ಸಂಜೆ ಅಂಗಡಿಗೆ ಹೋಗಿ ಜಗಳವಾಡಿದೆ, ಹಳೇ ಬಟಾಣಿ ಕೊಟ್ಟು ಮೋಸ ಮಾಡುತ್ತೀಯಾ, ನಾಲ್ಕೇ ಬಂತು ಎಂದು. ಅಂಗಡಿಯವನಿಗೆ ತಲೆಬುಡ ಅರ್ಥವಾಗಲಿಲ್ಲ. ಅವಳು ಪಕ್ಕದಲ್ಲೇ ಇದ್ದಳು. ಬಿಸಿಲಿನ ದಿನ, ಮೇಲೊಂದು ಸ್ವೆಟರು. ನನ್ನ ತೋಳು ಹಿಡಿದು, 'ಬನ್ನಿ ಸಾಕು, ಕಾಳಿಗೂ ವಯಸ್ಸಾಗುತ್ತೆ' ಅಂದಳು. ಕೈ ತಣ್ಣಗಿತ್ತು ಎಂದೂ ಬರೆದಿದ್ದೇನೆ. ಬರೆದು, ಮರುದಿನದ ಪುಟ ತಿರುಗಿಸಿದ್ದೇನೆ.

ಡಾಕ್ಟರ ಹತ್ತಿರ ಹೋದದ್ದು ಅದಾಗಿ ಒಂದು ವರ್ಷದ ಮೇಲೆ.

ಆ ಸಾಲಿನ ಎದುರು ನಾಲ್ಕು ದಿನ ಏನೂ ಬರೆಯಲು ಆಗಲಿಲ್ಲ. ಜಾಗ ಕಿರಿದು ಎಂದು ನೀವು ಹೇಳಿದ್ದು ಒಳ್ಳೆಯದಾಯಿತು. ಇವತ್ತು ಬೆಳಿಗ್ಗೆ ಬರೆದು ಮುಗಿಸಿದೆ:

'ಕಾಳು ಚೆನ್ನಾಗಿಯೇ ಇತ್ತು.'

ರಿಜಿಸ್ಟರನ್ನು ಇದರ ಜೊತೆ ಕಳಿಸುತ್ತಿದ್ದೇನೆ. ನೋಡಿ ಸಹಿ ಮಾಡಿ.

ಬೀಕರಣ್ಣ